ಹೊರಗೆ ನಿಂತ ಹಿರಿಯ ಮಗ

ಪಾಪವೆಂದರೆ ಕಟ್ಟಳೆ ಮೀರುವುದು, ರಕ್ಷಣೆಯೆಂದರೆ ಪುಣ್ಯಕ್ಕೆ ಸಲ್ಲುವ ಸಂಬಳ ಎಂದು ನಮ್ಮಲ್ಲನೇಕರ ಎಣಿಕೆ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಸಾಮ್ಯವನ್ನು ಓದಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ.

ಯೇಸು ಪಾಪಿಗಳೊಡನೆ ಉಣ್ಣುತ್ತಾನೆಂದು ಫರಿಸಾಯರೂ ಶಾಸ್ತ್ರಿಗಳೂ ಗೊಣಗಿದಾಗ ಹೇಳಿದ ಕಥೆಯಿದು. ಕಿರಿಯ ಮಗ, ತಂದೆ ಬದುಕಿರುವಾಗಲೇ ಪಾಲು ಪಡೆದು, ದೂರದೇಶದಲ್ಲಿ ದುಂದುಮಾಡಿ, ಕಡೆಗೆ ಹಂದಿ ಕಾಯುತ್ತಾನೆ. ಯೆಹೂದ್ಯನಿಗೆ ಅದೆಂಥ ಹೀನಸ್ಥಿತಿ! ಪಾಪಕ್ಕೆ ಗ್ರೀಕಿನಲ್ಲಿರುವ 'ಹಮಾರ್ತಿಯ' ಎಂಬ ಶಬ್ದಕ್ಕೆ ಗುರಿತಪ್ಪುವುದೆಂದು ಮೂಲಾರ್ಥ. ಇವನು ತಪ್ಪಿದ್ದು ಮನೆಯನ್ನೇ. (ಕನ್ನಡಿಗರು 'ಅಯ್ಯೋ ಪಾಪ' ಎಂದಾಗ ಅದೇ ಶಬ್ದ ಮರುಕವಾಗುವುದೂ ಸ್ವಾರಸ್ಯವೇ.) ಕೂಲಿಯಾಳಾಗಿಯಾದರೂ ಇಟ್ಟುಕೊಳ್ಳೆಂದು ಬೇಡಲು ಮಾತು ಕಟ್ಟಿಕೊಂಡು ಅವನು ಹಿಂತಿರುಗುತ್ತಾನೆ. ತಂದೆ ದೂರದಿಂದಲೇ ಕಂಡು ಓಡಿಬರುತ್ತಾನೆ. ಕೂಲಿಯ ಮಾತು ಬಾಯಿಂದ ಹೊರಡುವ ಮುನ್ನವೇ ನಿಲುವಂಗಿ, ಉಂಗುರ, ಜೋಡು ಬರುತ್ತವೆ.

ಕ್ಷಮೆ ಇಷ್ಟು ಸುಲಭವಾದರೆ ಶಿಲುಬೆಯೇಕೆ? 1098ರಲ್ಲಿ ತನ್ನ ಗ್ರಂಥವನ್ನು ಮುಗಿಸಿದ ಆನ್ಸೆಲ್ಮನು ಪಾಪವನ್ನು ದೇವರಿಗೆ ಸಲ್ಲಬೇಕಾದ ಸಾಲವೆಂದೂ ಕ್ರಿಸ್ತನ ಮರಣವನ್ನು ಅದರ ತೀರುವಳಿಯೆಂದೂ ವಿವರಿಸಿದನು. ಅನಂತರ ಬಂದ ಅಬೆಲಾರ್ಡನು, ಆ ಮರಣದಲ್ಲಿ ಕಂಡ ಪ್ರೀತಿ ನಮ್ಮಲ್ಲಿ ಪ್ರೀತಿಯನ್ನು ಹುಟ್ಟಿಸುವುದೆಂಬುದಕ್ಕೆ ಒತ್ತುಕೊಟ್ಟನು. ಈ ಕಥೆಗೆ ಅಬೆಲಾರ್ಡನೇ ಹತ್ತಿರವೆಂದು ನನಗೆ ತೋರುತ್ತದೆ.

ನನ್ನನ್ನು ಹೆಚ್ಚು ಕಾಡುವವನು ಹಿರಿಯ ಮಗ. ತಾನು ಒಂದು ಅಪ್ಪಣೆಯನ್ನೂ ಮೀರಲಿಲ್ಲ, ಆದರೂ ತನಗೆ ಒಂದು ಆಡಿನ ಮರಿಯೂ ಸಿಗಲಿಲ್ಲವೆಂದು ಅವನ ದೂರು. ಬಂದವನನ್ನು ತಮ್ಮನೆನ್ನದೆ 'ನಿನ್ನ ಮಗ' ಎನ್ನುತ್ತಾನೆ. ಮಗನಾಗಿದ್ದೂ ಕೂಲಿಯಾಳಿನ ಲೆಕ್ಕ! ಊರು ಬಿಡದೆಯೇ ಮನೆ ತಪ್ಪಿದವನಿವನು. ತಂದೆ ಇವನಿಗಾಗಿಯೂ ಹೊರಬಂದು ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನೇ ಎಂಬುದನ್ನು ಲೂಕನು ಬರೆದಿಲ್ಲ.