ಮುಂದಿನ ಹ್ಯಾಂಡ್‌ಹೆಲ್ಡ್ ಕನ್ಸೋಲ್ ಹೇಗಿರಬಹುದು? ಊಹೆಗೆ ಐದು ಹೆಜ್ಜೆ

ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್‌ನ ಸ್ವರೂಪವನ್ನು ಅದು ಮಾರುಕಟ್ಟೆಗೆ ಬರುವ ಮೊದಲೇ ಸಾಕಷ್ಟು ಊಹಿಸಬಹುದು. ಹಿಂದಿನ ಯಂತ್ರದ ಕೊರತೆ, ಲಭ್ಯವಿರುವ ಚಿಪ್, ಬ್ಯಾಟರಿಯ ಮಿತಿ ಮತ್ತು ಬೆಲೆ ಇದಕ್ಕೆ ಆಧಾರ. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಸುತ್ತಲಿನ ಕನ್ನಡ ಕುಟುಂಬಗಳು ಮಕ್ಕಳಿಗೆ ಈಗಲೇ ಕೊಡಿಸುವುದೋ, ಕಾಯುವುದೋ ಎಂದು ತೀರ್ಮಾನಿಸಲೂ ಈ ಕ್ರಮ ಉಪಯುಕ್ತ.

1. ಹಳೆಯ ಯಂತ್ರದ ಕೊರತೆ ಗುರುತಿಸುವುದು

ರಾಕ್‌ಸ್ಟಾರ್ ಲೀಡ್ಸ್ ಸ್ಟುಡಿಯೊ 2005ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ: ಲಿಬರ್ಟಿ ಸಿಟಿ ಸ್ಟೋರೀಸ್’ ಆಟವನ್ನು ರಾಕ್‌ಸ್ಟಾರ್ ನಾರ್ತ್ ಜೊತೆಗೂಡಿ ಸೋನಿಯ ಹ್ಯಾಂಡ್‌ಹೆಲ್ಡ್ ಆದ ಪಿಎಸ್‌ಪಿಗೆ ರೂಪಿಸಿತು. ಟಿವಿ ಕನ್ಸೋಲ್‌ನಲ್ಲಿ ಒಂದು ಸ್ಟಿಕ್ ಪಾತ್ರವನ್ನು ನಡೆಸಿದರೆ ಇನ್ನೊಂದು ನೋಟವನ್ನು ತಿರುಗಿಸುತ್ತದೆ. ಪಿಎಸ್‌ಪಿಯಲ್ಲಿ ಇದ್ದದ್ದು ಎಡಗಡೆಯ ಒಂದೇ ಪುಟ್ಟ ನಬ್. ಮುಂದಿನ ಯಂತ್ರಕ್ಕೆ ಎರಡನೇ ಸ್ಟಿಕ್ ಬೇಕೇಬೇಕು ಎಂಬುದು ಇಲ್ಲೇ ಸ್ಪಷ್ಟವಾಗಿತ್ತು. ಮುಂದೆ ‘ವೀಟಾ’ ಎನಿಸಿಕೊಂಡ ಯಂತ್ರವನ್ನು ಸೋನಿ 2011ರ ಜನವರಿಯಲ್ಲಿ ಪ್ರಕಟಿಸಿದಾಗ ಅದರಲ್ಲಿ ಎರಡು ಸ್ಟಿಕ್‌ಗಳಿದ್ದವು. ಆದರೆ ಅದರ ಹಿಂಬದಿಯ ಟಚ್‌ಪ್ಯಾಡ್ ಯಾವ ಕೊರತೆಯಿಂದಲೂ ಹೊಳೆಯುವಂಥದ್ದಲ್ಲ. ಈ ವಿಧಾನದಿಂದ ತಿದ್ದುಪಡಿಗಳನ್ನು ಊಹಿಸಬಹುದು, ಹೊಸ ಕಲ್ಪನೆಗಳನ್ನಲ್ಲ. ಹಳೆಯ ಆಟಗಳನ್ನು ಆಡಿನೋಡಿ ತಿಳಿಯಲು ಶೆಫೀಲ್ಡ್‌ನ ನ್ಯಾಷನಲ್ ವಿಡಿಯೊಗೇಮ್ ಮ್ಯೂಸಿಯಂ ಒಳ್ಳೆಯ ಜಾಗ.

2. ಚಿಪ್ ಹುಡುಕುವುದು

ತಯಾರಕರು ತೀರಾ ಹೊಸ ಚಿಪ್ ಬಳಸುವುದು ಅಪರೂಪ. ಆಟ ರೂಪಿಸುವವರ ಕೈಗೆ ಯಂತ್ರ ಮೊದಲೇ ಸಿಗಬೇಕು, ಬೆಲೆಯೂ ಇಳಿದಿರಬೇಕು. ಎನ್‌ವಿಡಿಯಾದ ಟೆಗ್ರಾ ಎಕ್ಸ್1 ಚಿಪ್ 2015ರ ಜನವರಿಯಲ್ಲಿ ಪ್ರಕಟವಾಯಿತು. ಅದನ್ನೇ ಆಧರಿಸಿದ ನಿಂಟೆಂಡೊ ಸ್ವಿಚ್ ಬಂದದ್ದು 2017ರ ಮಾರ್ಚ್‌ನಲ್ಲಿ. ಹಾಗಾಗಿ ಮುಂದಿನ ಕನ್ಸೋಲ್‌ನ ಸುಳಿವು ಇಂದಿನ ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಚಿಪ್‌ಗಳಲ್ಲೇ ಸಿಗುತ್ತದೆ.

3. ಬ್ಯಾಟರಿ ಮತ್ತು ಪರದೆಯ ಲೆಕ್ಕ ಹಾಕುವುದು

ಬ್ಯಾಟರಿಯ ವ್ಯಾಟ್-ಅವರ್ ಸಂಖ್ಯೆಯನ್ನು ಯಂತ್ರ ಬಳಸುವ ವ್ಯಾಟ್‌ನಿಂದ ಭಾಗಿಸಿದರೆ ಎಷ್ಟು ಗಂಟೆ ಆಡಬಹುದೆಂದು ತಿಳಿಯುತ್ತದೆ. 2022ರ ಸ್ಟೀಮ್ ಡೆಕ್‌ನ ಬ್ಯಾಟರಿ 40 ವ್ಯಾಟ್-ಅವರ್. ಅದರ ಚಿಪ್ ಗರಿಷ್ಠ 15 ವ್ಯಾಟ್ ಬಳಸುತ್ತದೆ. ಪರದೆ, ಫ್ಯಾನ್ ಮುಂತಾದವು ಸೇರಿ 20 ವ್ಯಾಟ್ ಆದರೆ ಎರಡೇ ಗಂಟೆ. 2023ರ ಒಎಲ್‌ಇಡಿ ಮಾದರಿಯಲ್ಲಿ ಬ್ಯಾಟರಿ 50 ವ್ಯಾಟ್-ಅವರ್‌ಗೆ ಏರಿತು, ಚಿಪ್ ತಯಾರಿಕೆಯ ತಂತ್ರ 7ರಿಂದ 6 ನ್ಯಾನೊಮೀಟರ್‌ಗೆ ಇಳಿಯಿತು. ಬೆಳವಣಿಗೆ ನಡೆಯುವುದು ಹೀಗೆ ಹಂತಹಂತವಾಗಿ.

ಪರದೆಗೂ ಇದೇ ಮಿತಿ. ಸ್ವಿಚ್‌ನ 6.2 ಇಂಚಿನ 720ಪಿ ಪರದೆ ಸ್ವಿಚ್ 2ರಲ್ಲಿ 7.9 ಇಂಚಿನ 1080ಪಿ ಆಯಿತು. 4ಕೆ ಎಂದರೆ 1080ಪಿಗಿಂತ ನಾಲ್ಕು ಪಟ್ಟು ಪಿಕ್ಸೆಲ್. ಆದ್ದರಿಂದ ಅದು ಡಾಕ್ ಮೂಲಕ ಟಿವಿಗೆ ಮಾತ್ರ ಮೀಸಲು.

4. ವದಂತಿಯನ್ನು ಜರಡಿ ಹಿಡಿಯುವುದು

ಪೇಟೆಂಟ್ ಸಿಕ್ಕಿದ್ದೆಲ್ಲ ಉತ್ಪನ್ನವಾಗುವುದಿಲ್ಲ. ಬಿಡಿಬಿಡಿಯಾದ ಮೂಲಗಳು ಒಂದೇ ಮಾತು ಹೇಳಿದರೆ, ಆ ಮಾತು ಮೇಲಿನ ಲೆಕ್ಕಕ್ಕೂ ಹೊಂದಿದರೆ ನಂಬಬಹುದು. ಬ್ರಿಟನ್ನಿನ ಗೇಮ್ ಸುದ್ದಿತಾಣ ಯೂರೋಗೇಮರ್ 2016ರ ಜುಲೈನಲ್ಲಿ ನಿಂಟೆಂಡೊದ ಹೊಸ ಯಂತ್ರಕ್ಕೆ ಟೆಗ್ರಾ ಚಿಪ್ ಮತ್ತು ಕಳಚಬಹುದಾದ ಕಂಟ್ರೋಲರ್‌ಗಳು ಇರುತ್ತವೆ ಎಂದು ವರದಿ ಮಾಡಿತು. ಅಕ್ಟೋಬರ್‌ನಲ್ಲಿ ಎರಡೂ ಖಚಿತವಾದವು.

5. ಬೆಲೆ ಸರಿಹೊಂದಿಸಿ ಊಹೆ ಬರೆದಿಡುವುದು

ಡಾಲರ್ ಬೆಲೆಯನ್ನು ನೇರವಾಗಿ ಪೌಂಡ್‌ಗೆ ಬದಲಿಸಿದರೆ ಲೆಕ್ಕ ತಪ್ಪುತ್ತದೆ. ಅಮೆರಿಕದ ಬೆಲೆಗೆ ಮಾರಾಟ ತೆರಿಗೆ ಆಮೇಲೆ ಸೇರುತ್ತದೆ. ಬ್ರಿಟನ್ನಿನ ಬೆಲೆಯಲ್ಲಿ ಶೇ 20 ಮೌಲ್ಯವರ್ಧಿತ ತೆರಿಗೆ ಅಡಕವಾಗಿರುತ್ತದೆ. 2025ರ ಜೂನ್ 5ರಂದು ಬಂದ ಸ್ವಿಚ್ 2ರ ಬೆಲೆ ಅಮೆರಿಕದಲ್ಲಿ 449.99 ಡಾಲರ್, ಬ್ರಿಟನ್ನಿನಲ್ಲಿ 395.99 ಪೌಂಡ್ ಇತ್ತು. ತೆರಿಗೆ ಕಳೆದರೆ ಉಳಿಯುವುದು ಸುಮಾರು 330 ಪೌಂಡ್. ಊಹಿಸಿದ ಬಿಡಿಭಾಗಗಳು ಇಂಥ ಬೆಲೆಯೊಳಗೆ ಹಿಡಿಸದಿದ್ದರೆ ಊಹೆಯನ್ನೇ ತಗ್ಗಿಸಬೇಕು.

ಕೊನೆಗೆ ಪ್ರತಿಯೊಂದು ಅಂಶವನ್ನೂ ‘ಬಹುತೇಕ ಖಚಿತ’, ‘ಸಾಧ್ಯ’, ‘ಅನುಮಾನ’ ಎಂದು ವಿಂಗಡಿಸಿ, ದಿನಾಂಕ ಹಾಕಿ ಇಡಬೇಕು. ಅಧಿಕೃತ ಪ್ರಕಟಣೆ ಬಂದಾಗ ಹೋಲಿಸಿದರೆ ಯಾವ ಹೆಜ್ಜೆಯಲ್ಲಿ ತಪ್ಪಿತೆಂದು ಗೊತ್ತಾಗುತ್ತದೆ. ಮುಂದಿನ ಊಹೆ ಅಷ್ಟರಮಟ್ಟಿಗೆ ನಿಖರವಾಗುತ್ತದೆ.