ಸರೋವರದ ಮಂಜುಗಡ್ಡೆಯನ್ನು ಅಳೆಯುವದೂ ಬರೆದಿಡುವದೂ



ಕಳೆದ ವರುಷ ಭೂಗೋಳದ ಪಾಠದಲ್ಲಿ ಉತ್ತರ ದೇಶಗಳ ಚಳಿಗಾಲವನ್ನು ವಿವರಿಸುತ್ತಿರುವಾಗ, ಅಲ್ಲಿಯ ಜನರು ಹೆಪ್ಪುಗಟ್ಟಿದ ಸರೋವರಗಳ ಮೇಲೆ ನಡೆದು ಹೋಗುತ್ತಾರೆಂದೂ ಗಾಡಿಗಳನ್ನು ಸಹ ಓಡಿಸುತ್ತಾರೆಂದೂ ನಾವು ಹೇಳಿದೆವು. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, "ಅಮ್ಮನವರೇ, ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ಸಮನೆ ಬೆಳ್ಳಗೆ ಕಾಣುವದಲ್ಲವೇ? ಅದು ತಮ್ಮ ಭಾರವನ್ನು ತಾಳುವದೆಂದು ಅವರಿಗೆ ಹೇಗೆ ತಿಳಿಯುವದು?" ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಬಾರಿಸಿದ್ದರಿಂದ ಅಂದು ಪೂರ್ತಿ ಉತ್ತರ ಕೊಡಲಾಗಲಿಲ್ಲ. ಆ ಸಾಲವನ್ನು ಈ ಸ್ಮರಣ ಸಂಚಿಕೆಯಲ್ಲಿ ತೀರಿಸುತ್ತೇವೆ.

ನಮ್ಮ ಸೀಮೆಯ ಕೆರೆಗಳು ಬೇಸಿಗೆಯಲ್ಲಿ ಬತ್ತುವದನ್ನು ನಾವೆಲ್ಲರೂ ಕಂಡಿದ್ದೇವೆ. ಚಳಿಗಾಲದಲ್ಲಿ ಕಲ್ಲಾಗುವದನ್ನು ಕಂಡಿಲ್ಲ. ಆದರೂ ಸರೋವರದ ಮಂಜುಗಡ್ಡೆ ನಮ್ಮ ದೇಶಕ್ಕೆ ಕೇವಲ ಅಪರಿಚಿತವಲ್ಲ. ೧೮೩೩ರಲ್ಲಿ ಟಸ್ಕನಿ ಎಂಬ ಹಡಗು ಅಮೇರಿಕದ ಬೋಸ್ಟನ್ ಪಟ್ಟಣದಿಂದ ಸುಮಾರು ೧೮೦ ಟನ್ನು ಮಂಜುಗಡ್ಡೆಯನ್ನು ಹೊತ್ತು ಕಲ್ಕತ್ತೆಗೆ ಹೊರಟಿತು. ನಾಲ್ಕು ತಿಂಗಳ ಪ್ರಯಾಣದ ಬಳಿಕವೂ ಅದರಲ್ಲಿ ಸುಮಾರು ೧೦೦ ಟನ್ನು ಕರಗದೆ ಉಳಿದಿತ್ತು. ಮದ್ರಾಸಿನ ಕಡಲ ದಂಡೆಯಲ್ಲಿ ಆ ವ್ಯಾಪಾರಕ್ಕೋಸ್ಕರ ಕಟ್ಟಿಸಿದ 'ಐಸ್ ಹೌಸ್' ಎಂಬ ಕಟ್ಟಡವು ಇಂದಿಗೂ ನಿಂತಿದೆ. ಆ ಗಡ್ಡೆಗಳನ್ನು ಕೊಯ್ಯುವವರು ಮೊದಲು ಅದರ ದಪ್ಪವನ್ನು ನೋಡುತ್ತಿದ್ದರು. ಯಾಕಂದರೆ ತೆಳುವಾದ ಗಡ್ಡೆಯು ಕೊಯ್ಯುವವನ ಕುದುರೆಯನ್ನೂ ತಾಳದು, ದೂರದ ಪ್ರಯಾಣವನ್ನೂ ತಾಳದು.

೧. ಗಡ್ಡೆಯು ಮೇಲೆಯೇ ಏಕೆ ಹುಟ್ಟುವದು?

ಸಾಧಾರಣವಾಗಿ ವಸ್ತುಗಳು ತಣಿದಷ್ಟೂ ಕುಗ್ಗಿ ಭಾರವಾಗುತ್ತವೆ. ನೀರು ಸಹ ಸೆಂಟಿಗ್ರೇಡಿನ ೪ ಅಂಶದ ವರೆಗೆ ಹಾಗೆಯೇ ಮಾಡುವದು. ಅದಕ್ಕಿಂತ ಹೆಚ್ಚು ತಣಿದರೆ ಅದು ಕುಗ್ಗುವ ಬದಲು ಹಿಗ್ಗಲಾರಂಭಿಸಿ ಹಗುರವಾಗುವದು. ಆದಕಾರಣ ಚಳಿಗಾಲದ ಆರಂಭದಲ್ಲಿ ೪ ಅಂಶದ ನೀರು ತಳಕ್ಕೆ ಇಳಿಯುವದು. ಅದಕ್ಕಿಂತ ತಣ್ಣಗಾದದ್ದು ಮೇಲೆ ನಿಂತು, ೦ ಅಂಶಕ್ಕೆ ಮುಟ್ಟಿ, ಅಲ್ಲಿಯೇ ಗಟ್ಟಿಯಾಗುವದು. ಗಡ್ಡೆಯಾದ ನೀರು ದ್ರವವಾದ ನೀರಿಗಿಂತ ಸುಮಾರು ಹನ್ನೆರಡರಲ್ಲಿ ಒಂದು ಪಾಲು ಹಗುರ, ಆದದರಿಂದ ತೇಲುವದು. ಹೀಗಿರದೆ ಗಡ್ಡೆಯು ತಳಕ್ಕೆ ಮುಳುಗುವಂಥದ್ದಾಗಿದ್ದರೆ, ಸರೋವರವು ಕೆಳಗಿನಿಂದ ಗಟ್ಟಿಯಾಗುತ್ತಾ ಬಂದು ಮೀನುಗಳಿಗೆ ಆಶ್ರಯವೇ ಇಲ್ಲದೆ ಹೋಗುತ್ತಿತ್ತು.

೨. ಅದು ಹೇಗೆ ಬೆಳೆಯುವದು?

ಮೊದಲ ಪೊರೆ ಕಟ್ಟಿದ ಮೇಲೆ ಗಡ್ಡೆಯು ಕೆಳಗಡೆಗೆ ಬೆಳೆಯುವದು. ನೀರಿನ ಶಾಖವು ಗಡ್ಡೆಯನ್ನು ದಾಟಿ ಮೇಲಿನ ಚಳಿಗಾಳಿಗೆ ಹೋಗಬೇಕು; ಗಡ್ಡೆ ದಪ್ಪವಾದಷ್ಟೂ ಆ ದಾರಿ ಉದ್ದವಾಗುವದು, ಬೆಳವಣಿಗೆ ನಿಧಾನವಾಗುವದು. ಈ ನಿಯಮವನ್ನು ಯೋಸೆಫ್ ಸ್ಟೆಫಾನ್ ಎಂಬ ಆಸ್ಟ್ರಿಯಾ ದೇಶದ ಶಾಸ್ತ್ರಜ್ಞನು ೧೮೯೧ರಲ್ಲಿ ಲೆಕ್ಕದ ರೂಪಕ್ಕೆ ತಂದನು. ಅದನ್ನು ನೀವು ಸಹ ಮಾಡಬಹುದು. ಒಂದು ದಿನದ ಸರಾಸರಿ ಶಾಖವು ಸೊನ್ನೆಗಿಂತ ಎಷ್ಟು ಅಂಶ ಕೆಳಗಿದೆಯೋ ಅದನ್ನು ದಿನದಿನವೂ ಕೂಡಿಸುತ್ತಾ ಹೋಗಬೇಕು. ಆ ಮೊತ್ತದ ವರ್ಗಮೂಲವನ್ನು ತೆಗೆದು, ಹಿಮದ ಹೊದಿಕೆಯುಳ್ಳ ಸಾಧಾರಣ ಸರೋವರವಾದರೆ ಸುಮಾರು ೨ರಿಂದ ಗುಣಿಸಿದರೆ, ದಪ್ಪವು ಸೆಂಟಿಮೀಟರುಗಳಲ್ಲಿ ಬರುವದು.

ಉದಾಹರಣೆ: ಸೊನ್ನೆಗಿಂತ ೧೦ ಅಂಶ ಕೆಳಗಿನ ಚಳಿಯು ೧೦ ದಿನ ಇದ್ದರೆ ಮೊತ್ತ ೧೦೦, ವರ್ಗಮೂಲ ೧೦, ದಪ್ಪ ಸುಮಾರು ೨೦ ಸೆಂಟಿಮೀಟರು. ಅದೇ ಚಳಿಯು ೪೦ ದಿನ ಇದ್ದರೆ ಮೊತ್ತ ೪೦೦, ವರ್ಗಮೂಲ ೨೦, ದಪ್ಪ ಸುಮಾರು ೪೦ ಸೆಂಟಿಮೀಟರು. ಚಳಿಯ ದಿನಗಳು ನಾಲ್ಕು ಪಟ್ಟಾದರೂ ದಪ್ಪವು ಎರಡೇ ಪಟ್ಟಾಯಿತೆಂಬದನ್ನು ಗಮನಿಸಿರಿ.

ಆದರೆ ಲೆಕ್ಕವು ಅಳತೆಯ ಸ್ಥಾನದಲ್ಲಿ ಕೂರಲಾರದು. ಗಡ್ಡೆಯ ಮೇಲೆ ಬಿದ್ದ ಹಿಮವು ಕಂಬಳಿಯಂತೆ ಶಾಖವನ್ನು ಹಿಡಿದಿಟ್ಟು ಬೆಳವಣಿಗೆಯನ್ನು ತಡೆಯುವದು. ಹಿಮದ ಭಾರ ಹೆಚ್ಚಾದರೆ ಗಡ್ಡೆಯು ತಗ್ಗಿ, ಬಿರುಕುಗಳಿಂದ ನೀರು ಮೇಲೇರಿ ಹಿಮವನ್ನು ನೆನೆಸಿ ಗಟ್ಟಿಯಾಗುವದು. ಹೀಗೆ ಆದದ್ದು ಗುಳ್ಳೆಗಳಿಂದ ತುಂಬಿದ ಬಿಳಿ ಗಡ್ಡೆ. ಕೆಳಗಡೆಗೆ ಬೆಳೆದದ್ದು ಗಾಜಿನಂತೆ ನಿರ್ಮಲವಾಗಿದ್ದು, ಆಳದ ನೀರು ತೋರುವದರಿಂದ ಕಪ್ಪಗೆ ಕಾಣುವದು. ಬಿಳಿ ಗಡ್ಡೆಯ ಬಲವು ನಿರ್ಮಲವಾದದ್ದರ ಅರ್ಧದಷ್ಟೆಂದು ಎಣಿಸುವದು ವಾಡಿಕೆ. ಹೊಸದಾದ ನಿರ್ಮಲ ಗಡ್ಡೆಯು ಕಾಲ್ನಡೆಯವನಿಗೆ ೧೦ ಸೆಂಟಿಮೀಟರಾದರೂ, ಸಣ್ಣ ಮೋಟಾರು ಗಾಡಿಗೆ ೨೫ರಿಂದ ೩೦ ಸೆಂಟಿಮೀಟರಾದರೂ ಇರಬೇಕೆಂದು ಆ ದೇಶಗಳಲ್ಲಿ ಎಚ್ಚರಿಸುತ್ತಾರೆ. ಬಿಳಿಯದಾದರೆ ಅದರ ಇಮ್ಮಡಿ ಬೇಕು.

೩. ಅಳೆಯುವ ಕ್ರಮ

ಅಳೆಯುವವರು ಒಬ್ಬೊಬ್ಬರೇ ಹೋಗರು. ಮುಂದೆ ನಡೆಯುವವನು ಕಬ್ಬಿಣದ ಹಾರೆಯಿಂದ ಹೆಜ್ಜೆ ಹೆಜ್ಜೆಗೂ ಕುಟ್ಟಿ ನೋಡುವನು. ಗೊತ್ತಾದ ಸ್ಥಳವನ್ನು ಸೇರಿದ ಮೇಲೆ ಮೊದಲು ಹಿಮದ ಆಳವನ್ನು ಅಳೆದು, ಅದನ್ನು ಸರಿಸಿ, ದೊಡ್ಡ ಬೈರಿಗೆಯಿಂದ ಗಡ್ಡೆಯನ್ನು ಕೊರೆಯುವರು. ಬಳಿಕ ತುದಿಯಲ್ಲಿ ಕೊಕ್ಕೆಯಿರುವ ಅಳತೆಗೋಲನ್ನು ರಂಧ್ರದಲ್ಲಿ ಇಳಿಸಿ, ಕೊಕ್ಕೆಯು ಗಡ್ಡೆಯ ಅಡಿಗೆ ಸಿಕ್ಕುವಂತೆ ಮೇಲಕ್ಕೆಳೆದು, ಮೇಲ್ಮೈಯ ಗುರುತನ್ನು ಓದುವರು. ರಂಧ್ರದಲ್ಲಿ ನೀರು ಎಷ್ಟರ ಮಟ್ಟಿಗೆ ಏರಿತೆಂಬದನ್ನೂ ನೋಡುವರು. ಹಿಮದ ಭಾರವಿಲ್ಲದ ೬೦ ಸೆಂಟಿಮೀಟರಿನ ಗಡ್ಡೆಯು ನೀರಿನಿಂದ ಸುಮಾರು ೫ ಸೆಂಟಿಮೀಟರು ಮೇಲೆ ನಿಲ್ಲತಕ್ಕದ್ದು. ಅದಕ್ಕಿಂತ ಬಹಳ ತಗ್ಗಿದ್ದರೆ ಹಿಮದ ಹೊರೆ ಹೆಚ್ಚಾಯಿತೆಂದು ತಿಳಿಯುವದು.

ಪ್ರತಿ ವಾರವೂ ಹೊಸ ರಂಧ್ರ ಕೊರೆಯದೆ ಅಳೆಯಲಿಕ್ಕೆ ಇನ್ನೊಂದು ಉಪಾಯವುಂಟು. ಕೆಳತುದಿಯಲ್ಲಿ ಅಡ್ಡ ಸಲಾಕಿಯಿರುವ ತಂತಿಯನ್ನು ಮೊದಲೇ ಗಡ್ಡೆಯಲ್ಲಿ ಹೆಪ್ಪುಗಟ್ಟಲು ಬಿಡುವರು. ಅಳೆಯುವ ದಿನ ಬ್ಯಾಟರಿಯಿಂದ ವಿದ್ಯುತ್ತನ್ನು ಹರಿಸಿದರೆ ತಂತಿ ಬಿಸಿಯಾಗಿ ಸಡಿಲುವದು. ಸಲಾಕಿಯು ಗಡ್ಡೆಯ ಅಡಿಗೆ ತಾಗುವ ತನಕ ಎಳೆದು, ಎಷ್ಟು ತಂತಿ ಮೇಲೆ ಬಂತೆಂಬದರಿಂದ ದಪ್ಪವನ್ನು ತಿಳಿಯುವರು.

ತಾರೀಖು, ಸ್ಥಳ, ಗಡ್ಡೆಯ ಒಟ್ಟು ದಪ್ಪ, ಅದರಲ್ಲಿ ಬಿಳಿಯದೆಷ್ಟು, ಹಿಮದ ಆಳ, ಗಾಳಿಯ ಶಾಖ, ಅಳೆದವರ ಹೆಸರು, ಇವಿಷ್ಟನ್ನೂ ಅಲ್ಲಿಯೇ ನಿಂತು ಬರೆಯತಕ್ಕದ್ದು. ಮನೆಗೆ ಬಂದು ನೆನಪಿನಿಂದ ಬರೆದದ್ದು ದಾಖಲೆಯಲ್ಲ.

೪. ಮಹಾ ಸರೋವರಗಳು

ಸೈಬೀರಿಯದ ಬೈಕಲ್ ಸರೋವರವು ೧,೬೪೨ ಮೀಟರು ಆಳವುಳ್ಳದ್ದು. ಲೋಕದಲ್ಲಿ ಅದಕ್ಕಿಂತ ಆಳವಾದ ಸರೋವರವಿಲ್ಲ. ಚಳಿಗಾಲದ ಕೊನೆಗೆ ಅದರ ಗಡ್ಡೆ ಸಾಧಾರಣವಾಗಿ ೭೦ರಿಂದ ೧೨೦ ಸೆಂಟಿಮೀಟರು ದಪ್ಪವಾಗುವದು. ೧೯೦೪ರಲ್ಲಿ ರಶಿಯಕ್ಕೂ ಜಪಾನಿಗೂ ಯುದ್ಧವಾದಾಗ ರಶಿಯದವರು ಆ ಗಡ್ಡೆಯ ಮೇಲೆ ರೈಲು ಕಂಬಿಗಳನ್ನು ಹಾಸಿದರು. ಪರೀಕ್ಷೆಗೆಂದು ಓಡಿಸಿದ ಎಂಜಿನು ಗಡ್ಡೆಯನ್ನು ಒಡೆದು ಮುಳುಗಿತು. ಆ ಮೇಲೆ ಎಂಜಿನುಗಳನ್ನು ಬಿಚ್ಚಿ ಬಿಡಿಬಿಡಿಯಾಗಿ ಸಾಗಿಸಿದರು. ಡಬ್ಬಿಗಳನ್ನು ಕುದುರೆಗಳಿಂದ ಎಳೆಯಿಸಿದರು. ಅದೇ ಸರೋವರದಲ್ಲಿ ಕೆಲವು ವರುಷಗಳಲ್ಲಿ ಹಲವು ಕಿಲೋಮೀಟರು ಅಗಲದ ಬಳೆಯಾಕಾರದ ತೆಳು ಗಡ್ಡೆಯು ಉಪಗ್ರಹಗಳ ಚಿತ್ರಗಳಲ್ಲಿ ಕಂಡಿದೆ. ಕೆಳಗೆ ಸುತ್ತುವ ಬೆಚ್ಚನೆಯ ನೀರಿನ ಸುಳಿಯೇ ಅದಕ್ಕೆ ಕಾರಣ. ಒಂದು ಕಡೆ ಅಳೆದು ಎಲ್ಲಾ ಕಡೆಗೂ ಅದೇ ಎಂದು ನಂಬಬಾರದೆಂಬದಕ್ಕೆ ಇದೇ ಸಾಕ್ಷಿ.

ಉತ್ತರ ಅಮೇರಿಕದ ಐದು ಮಹಾ ಸರೋವರಗಳ ದಡಗಳಲ್ಲಿ ೧೯೬೬ರಿಂದ ೧೯೭೯ರ ವರೆಗಿನ ಚಳಿಗಾಲಗಳಲ್ಲಿ ಅನೇಕ ಠಾಣೆಗಳವರು ಗಡ್ಡೆಯನ್ನು ಕೊರೆದು ಅಳೆದು ಬರೆದಿಟ್ಟರು. ಕೆನಡಾ ದೇಶವು ೧೯೪೭ರಿಂದ ತನ್ನ ಉತ್ತರದ ಠಾಣೆಗಳಲ್ಲಿ ಇದೇ ಕೆಲಸವನ್ನು ನಡಿಸಿತು. ೨೦೦೨ರ ವೇಳೆಗೆ ಅದು ಹೆಚ್ಚಿನ ಠಾಣೆಗಳಲ್ಲಿ ನಿಂತು, ಬಳಿಕ ಕೆಲವೆಡೆ ಮಾತ್ರ ತಿರಿಗಿ ಆರಂಭವಾಯಿತು. ಐದು ಸರೋವರಗಳ ಎಷ್ಟು ಪಾಲು ಗಡ್ಡೆಯಿಂದ ಮುಚ್ಚಿತೆಂಬ ಲೆಕ್ಕವು ೧೯೭೩ರಿಂದ ಒಂದೇ ಕ್ರಮದಲ್ಲಿ ದೊರೆಯುವದು. ೧೯೭೯ರಲ್ಲಿ ನೂರಕ್ಕೆ ಸುಮಾರು ೯೫ ಪಾಲು ಮುಚ್ಚಿತ್ತು. ೨೦೦೨ರಲ್ಲಿ ಸುಮಾರು ೧೨ ಪಾಲು ಮಾತ್ರ. ಆದರೆ ಆಕಾಶದಿಂದ ಅಗಲವನ್ನು ಕಾಣುವದು ಸುಲಭ, ದಪ್ಪವನ್ನು ತಿಳಿಯುವದು ಕಷ್ಟ. ಆದದರಿಂದ ಬೈರಿಗೆಗೂ ಅಳತೆಗೋಲಿಗೂ ಇನ್ನೂ ಕೆಲಸವುಂಟು. ಅಮೇರಿಕದ ಮೆಂಡೋಟಾ ಎಂಬ ಸಣ್ಣ ಸರೋವರದ ದಾಖಲೆಯು ೧೮೫೦ರ ದಶಕದಿಂದ ಇದೆ. ಅಂದಿಗಿಂತ ಈಗ ಅದರ ಗಡ್ಡೆಯ ಕಾಲವು ಸುಮಾರು ಒಂದು ತಿಂಗಳು ಕಡಿಮೆಯಾಗಿದೆ. ಲೋಕದ ಶಾಖವು ಏರುತ್ತಿದೆಯೆಂಬದಕ್ಕೆ ಇಂಥ ಪುಸ್ತಕಗಳು ಸಾಕ್ಷಿ ಹೇಳುತ್ತವೆ.

ಇವೆಲ್ಲಕ್ಕಿಂತ ಹಳೆಯದು ಜಪಾನಿನ ಸುವಾ ಸರೋವರದ ದಾಖಲೆ. ಅಲ್ಲಿ ಕಡುಚಳಿಯ ರಾತ್ರಿ ಗಡ್ಡೆಯು ಕುಗ್ಗಿ ಬಿರಿಯುವದು. ಬಿರುಕಿನ ನೀರು ಹೆಪ್ಪುಗಟ್ಟುವದು. ಹಗಲಲ್ಲಿ ಗಡ್ಡೆ ಹಿಗ್ಗಿದಾಗ ಆ ಸಂದು ಉಬ್ಬಿ ಸರೋವರದ ಉದ್ದಕ್ಕೂ ಏರಿಯಂತೆ ಏಳುವದು. ಅದನ್ನು ಆ ಊರಿನವರು ತಮ್ಮ ದೇವತೆಯು ನಡೆದುಹೋದ ದಾರಿಯೆಂದು ಹೇಳುವರು. ಅಲ್ಲಿಯ ಗುಡಿಯ ಪುರೋಹಿತರು ೧೪೪೩ರಿಂದ ಅದನ್ನು ಬರೆದಿಡುತ್ತಾ ಬಂದರು. ನಡುವಣ ಕಾಲದ ಒಂದು ಭಾಗದಲ್ಲಿ ಬರೆಯುವ ಕ್ರಮವು ಒಂದೇ ಸಮನಾಗಿರಲಿಲ್ಲವಾದ್ದರಿಂದ ಈ ಕಾಲದ ಪಂಡಿತರು ಅದನ್ನು ಸಂದೇಹದಿಂದ ಬದಿಗಿಟ್ಟರು. ೨೦೧೮ರ ಬಳಿಕ ೨೦೨೫ರ ವರೆಗಿನ ಚಳಿಗಾಲಗಳಲ್ಲಿ ಆ ಏರಿಯು ಏಳಲಿಲ್ಲ. ಆದರೂ ಚಳಿಗಾಲದ ಮುಂಜಾನೆಗಳಲ್ಲಿ ಅವರು ದಡಕ್ಕೆ ಹೋಗಿ ನೋಡುವದನ್ನು ಬಿಡಲಿಲ್ಲ. ಇಲ್ಲವೆಂಬದನ್ನು ಇಲ್ಲವೆಂದೇ ಬರೆದರು.

೫. ನಮ್ಮ ಪುಸ್ತಕ

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾವು ಉಪಾಧ್ಯಾಯಿನಿಯ ಕೆಲಸವನ್ನು ಕಲಿಯುತ್ತಿದ್ದ ಕಾಲದಲ್ಲಿ ಮಳೆಯ ಅಳತೆಯ ಪುಸ್ತಕವು ನಮ್ಮ ವಶದಲ್ಲಿತ್ತು. ಒಂದು ಜುಲೈ ತಿಂಗಳಲ್ಲಿ ಜಡಿಮಳೆಗೆ ಹೆದರಿ ಮೂರು ದಿನ ಮಾಪಕದ ಬಳಿಗೆ ಹೋಗದೆ, ನಾಲ್ಕನೆಯ ದಿನ ಮೂರು ಅಂಕಿಗಳನ್ನು ಊಹಿಸಿ ಅಂದವಾದ ಅಕ್ಷರಗಳಲ್ಲಿ ಬರೆದೆವು. ತಿಂಗಳ ಕೊನೆಯಲ್ಲಿ ಒಂದು ಕೋಣೆಯೂ ಖಾಲಿಯಿಲ್ಲದ ಆ ಪುಸ್ತಕಕ್ಕೆ ಹೊಗಳಿಕೆ ದೊರೆಯಿತು. ಆ ಹೊಗಳಿಕೆಯು ಇಂದಿಗೂ ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ಇದೆ. ಆ ಮೂರು ದಿನಗಳ ಮಳೆ ಎಷ್ಟೆಂದು ಇನ್ನು ಯಾರಿಗೂ ತಿಳಿಯದು; ತಿಳಿಯದೆಂಬದು ಸಹ ಯಾರಿಗೂ ತಿಳಿಯದು.

ನಮ್ಮ ಊಹೆಯಿಂದ ಯಾರೂ ಮುಳುಗಲಿಲ್ಲ. ಸರೋವರದ ಮೇಲೆ ಹಾಗಲ್ಲ. ನೋಡದೆ ಬರೆದ ೨೫ ಎಂಬ ಅಂಕಿಯನ್ನು ನಂಬಿ ಒಬ್ಬ ತಂದೆಯು ಮಕ್ಕಳನ್ನು ಗಾಡಿಯಲ್ಲಿ ಕೂರಿಸಿ ಹೊರಡಬಹುದು. ನೂರು ವರುಷಗಳ ಮೇಲೆ ಹುಟ್ಟುವವರು ಅದನ್ನೇ ನಂಬಿ ತಮ್ಮ ಕಾಲವನ್ನು ನಮ್ಮ ಕಾಲದೊಂದಿಗೆ ಹೋಲಿಸಬಹುದು. ಖಾಲಿ ಕೋಣೆಯು ಯಾರನ್ನೂ ಮೋಸಗೊಳಿಸದು. ಸುಳ್ಳಿನಿಂದ ತುಂಬಿದ ಕೋಣೆಯು ತನ್ನ ಸುತ್ತಲಿನ ನಿಜವಾದ ಅಂಕಿಗಳನ್ನು ಸಹ ಕೆಡಿಸುವದು.

ಆದದರಿಂದ, ನಮ್ಮ ಶಾಲೆಯ ಅಂಗಳದ ಮಳೆಮಾಪಕದ ಪುಸ್ತಕವನ್ನು ಈ ವರುಷ ಕೈಗೆ ತೆಗೆದುಕೊಳ್ಳುವ ಹುಡುಗಿಯರೇ, ಇಷ್ಟನ್ನು ನೆನಪಿನಲ್ಲಿಡಿರಿ. ದಿನವೂ ಒಂದೇ ಹೊತ್ತಿಗೆ ನೋಡಿರಿ. ಅಲ್ಲಿಯೇ ನಿಂತು ಬರೆಯಿರಿ. ಮಳೆ ಬಾರದ ದಿನ ಸೊನ್ನೆಯನ್ನು ಬರೆಯಿರಿ. ನೋಡದ ದಿನ 'ನೋಡಲಿಲ್ಲ' ಎಂದು ಬರೆದು ನಿಮ್ಮ ಹೆಸರನ್ನು ಹಾಕಿರಿ. ಹಾಗೆ ಬರೆದವಳನ್ನು ನಾವು ಗದರಿಸುವದಿಲ್ಲ. ಗಡ್ಡೆಯು ಭಾರ ತಾಳುವದೆಂದು ಅವರಿಗೆ ಹೇಗೆ ತಿಳಿಯುವದೆಂದು ಕೇಳಿದ ಆ ಹುಡುಗಿಗೂ ನಮ್ಮ ಉತ್ತರವು ಇದೇ: ಅವರಿಗಿಂತ ಮುಂಚೆ ಯಾರೋ ಒಬ್ಬರು ಚಳಿಯಲ್ಲಿ ಹೋಗಿ, ಕೊರೆದು, ಅಳೆದು, ಕಂಡದ್ದನ್ನು ಕಂಡ ಹಾಗೆಯೇ ಬರೆದಿದ್ದಾರೆ.