ಮುರಕಲ್ಲಿಗೆ ಎಷ್ಟು ವಯಸ್ಸು?

ಪ್ರಾಕೃತಿಕ ಭೂಗೋಳ ಕಲಿಸುವವರು ಮಾಡುವ ದೊಡ್ಡ ತಪ್ಪೆಂದರೆ, ಕಣ್ಣೆದುರಿನ ನೆಲಕ್ಕೆಲ್ಲ ಕಣ್ಣೆದುರಿನ ಮಳೆಯನ್ನೇ ಕಾರಣ ಮಾಡುವುದು. ನಾನೂ ಬಹುಕಾಲ ಅದನ್ನೇ ಮಾಡಿದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಮಳೆ, ಆಮೇಲೆ ತಿಂಗಳುಗಟ್ಟಲೆ ಬಿಸಿಲು. ಬಂಡೆ ಕರಗುತ್ತದೆ, ಕಬ್ಬಿಣ ಉಳಿಯುತ್ತದೆ, ಮುರಕಲ್ಲು ಆಗುತ್ತದೆ. ಪರೀಕ್ಷೆಗೆ ಇಷ್ಟು ಬರೆದರೆ ಸಾಕು. ಆದರೆ ಮಂಗಳೂರಿನ ಬಳಿಯ ಫರಂಗಿಪೇಟೆಯಿಂದ ಬಂಟ್ವಾಳದ ಕಡೆಗೆ ಹೋಗುವಾಗ ಕಡಿದಿಟ್ಟ ಗುಡ್ಡದ ಮೈ ನೋಡಿದರೆ ಈ ಲೆಕ್ಕ ಕೂಡಿಬರುವುದಿಲ್ಲ. ಮೇಲೆ ತೂತುತೂತಾದ ಕೆಂಪು ಮುರ. ಅದರಡಿ ಬಿಳಿ, ತಿಳಿಗುಲಾಬಿ, ನೇರಳೆ ಬಣ್ಣದ ಶೇಡಿಮಣ್ಣು. ಉಗುರಲ್ಲಿ ಕೆರೆದರೆ ಉದುರುತ್ತದೆ, ಒದ್ದೆಯಾದರೆ ಸಾಬೂನಿನಂತೆ ಜಾರುತ್ತದೆ. ಆದರೂ ಮೂಲಶಿಲೆಯ ಪಟ್ಟೆಗಳು, ಬೆಣಚುಕಲ್ಲಿನ ಎಳೆಗಳು ಅದರೊಳಗೆ ಇದ್ದಲ್ಲೇ ಇವೆ. ಬಂಡೆ ನಿಂತ ನಿಲುವಿನಲ್ಲೇ ಮಣ್ಣಾಗಿದೆ. ಹತ್ತಾರು ಅಡಿ ಆಳಕ್ಕೆ ಹೀಗಾಗಲು ಸಾವಿರ, ಎರಡು ಸಾವಿರ ವರ್ಷ ಏನೇನೂ ಸಾಲದು.

ಮುರಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಫರಂಗಿಪೇಟೆಯನ್ನು ಹಾದುಹೋದವನೇ. ಹೆಸರು ಅಚ್ಚಾದದ್ದು 1807ರಲ್ಲಿ, ಮಲಬಾರಿನ ಅಂಗಡಿಪುರದ ಕಲ್ಲಿನ ನೆಪದಲ್ಲಿ. ಕಡಿಯುವಾಗ ಮೆತ್ತಗೆ, ಗಾಳಿಗಿಟ್ಟರೆ ಗಟ್ಟಿ ಎಂದು ಆತ ಬರೆದ. ನಮ್ಮ ಕಲ್ಲು ಕಡಿಯುವವರಿಗೆ ಅದೇನು ಹೊಸತಲ್ಲ. ವಯಸ್ಸು ತಿಳಿಯಲು ಮಾತ್ರ ಎರಡು ಶತಮಾನ ಬೇಕಾಯಿತು. ಮುರದ ಜೊತೆ ಹುಟ್ಟುವ ಕೆಲವು ಮ್ಯಾಂಗನೀಸ್ ಖನಿಜಗಳಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದರ ಒಂದಂಶ ಗೊತ್ತಾದ ವೇಗದಲ್ಲಿ ಆರ್ಗಾನ್ ಆಗುವುದರಿಂದ ಕಾಲ ಎಣಿಸಬಹುದು. ನಮ್ಮವರೇ ಆದ ಭೂವಿಜ್ಞಾನಿ ಎಂ. ಜಯಾನಂದ ಅವರೂ ಸೇರಿದ್ದ ಫ್ರೆಂಚ್ ತಂಡ ಪಶ್ಚಿಮ ಘಟ್ಟದ ಎರಡೂ ಬದಿಯ ಮಾದರಿಗಳನ್ನು ಹೀಗೆ ಅಳೆದಾಗ, ಕರಾವಳಿ ಬದಿಯ ಕೆಲವಕ್ಕೆ ಸುಮಾರು 4.7 ಕೋಟಿ ವರ್ಷ ವಯಸ್ಸು ಬಂತು. ಆಗ ತೆಂಕಣ ಭಾರತ ಭೂಮಧ್ಯರೇಖೆಯ ಆಸುಪಾಸಿನಲ್ಲಿತ್ತು. ಇಂದಿನ ಮುಂಗಾರಿನ ಮಾತೇ ಅಲ್ಲಿ ಬರುವುದಿಲ್ಲ. ಮಾದರಿ ತೆಗೆದದ್ದು ಫರಂಗಿಪೇಟೆಯ ಗುಡ್ಡದಲ್ಲಲ್ಲವಲ್ಲ ಎನ್ನುವ ಆಕ್ಷೇಪ ನ್ಯಾಯವಾದದ್ದು. ಅದಕ್ಕಿಂತ ಎಷ್ಟೋ ಈಚಿನ ವಯಸ್ಸುಗಳೂ ಅದೇ ಅಧ್ಯಯನದಲ್ಲಿವೆ. ಆದರೆ ಅವೂ ಲಕ್ಷಾಂತರ ವರ್ಷಗಳ ಲೆಕ್ಕದವು; ಈ ಮಳೆಗಾಲಗಳ ಲೆಕ್ಕಕ್ಕೆ ಯಾವುದೂ ಇಳಿಯುವುದಿಲ್ಲ.

ಮನೆಯ ಹಿಂದಿನ ಧರೆ ಕುಸಿಯುವ ಹೆದರಿಕೆಯಲ್ಲಿರುವವರಿಗೆ ಕೋಟಿ ವರ್ಷದ ಕತೆ ಕಟ್ಟಿಕೊಂಡು ಏನಾಗಬೇಕು ಎಂದು ಕೇಳುವವರಿದ್ದಾರೆ. ಆಗಬೇಕಾದದ್ದು ಇದೇ: ಶೇಡಿಯನ್ನು ಅಷ್ಟು ಕಾಲ ಹಿಡಿದಿಟ್ಟದ್ದು ಮೇಲಿನ ಗಟ್ಟಿ ಮುರದ ಹೊದಿಕೆ ಮತ್ತು ಗುಡ್ಡದ ಓರೆ. ಜೆಸಿಬಿ ತಂದು ಓರೆಯನ್ನು ಗೋಡೆಯಂತೆ ನೆಟ್ಟಗೆ ಕಡಿದರೆ, ಒಳಗಿದ್ದ ಶೇಡಿ ಆಟಿಯ ಮಳೆಗೆ ಮೈಯೊಡ್ಡುತ್ತದೆ. ಕುಸಿದ ಮೇಲೆ ‘ಈ ಸಲ ಮಳೆ ಜಾಸ್ತಿ’ ಎನ್ನುತ್ತೇವೆ. ಮಳೆ ನೆಪ, ಕಡಿತ ಕಾರಣ.

ಗುಡ್ಡದ ಕಾಲಮಾನ ಒಂದಾದರೆ ಹೊಳೆಯದು ಇನ್ನೊಂದು. ಹಿಂದಿನ ಪರಿಸರ ಹುಡುಕುವವರಿಗೆ ಮುರ ಉಪಕಾರಿಯಲ್ಲ. ಅಂದಿನ ಗಿಡಮರಗಳ ಗುರುತು ಹೇಳುವ ಪರಾಗ ಗಾಳಿ ತಾಗದ ಕೆಸರಿನಲ್ಲಿ ಉಳಿಯುತ್ತದೆ, ಮುರದಲ್ಲಿ ಉಳಿಯದು. ಅದಕ್ಕೇ ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಂಶೋಧಕರು ಕಾರವಾರದ ಎದುರಿನ ಕಡಲತಳದ ಕೆಸರು ತೆಗೆದು ನೋಡಿದರು. ಸುಮಾರು 3500 ವರ್ಷಗಳ ಹಿಂದೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪರಾಗ ಕಡಿಮೆಯಾದದ್ದು ಕಂಡಿತು. ಹವೆ ಒಣಗಿತು ಎಂದು 1994ರಲ್ಲಿ ಬರೆದರು. ಕೊಡಲಿಯೂ ಕಾರಣವಿರಬಹುದಲ್ಲ ಎಂದರೆ, ಇರಬಹುದು. ಬರಿಯ ಪರಾಗದಿಂದ ಮಳೆ ಯಾವುದು, ಕೊಡಲಿ ಯಾವುದು ಎಂದು ಬಿಡಿಸುವುದು ಕಷ್ಟ.

ಹೊಳೆಯ ಹಳೆಯ ನೆರೆ ತಿಳಿಯಲು ಹಳಬರ ನೆನಪಿದೆಯಲ್ಲ, ಕೆಸರು ಯಾಕೆ ಎನ್ನುವ ಮಾತೂ ಇದೆ. ನೇತ್ರಾವತಿಯ 1923ರ ಮಾರಿಬೊಳ್ಳವೆಂಬ ಮಹಾನೆರೆ, 1974ರ ನೆರೆ ಎರಡರ ಗುರುತೂ ಜನರ ಬಾಯಲ್ಲಿದೆ, ನನಗೆ ಅದರ ಬಗ್ಗೆ ಗೌರವವಿದೆ. ಆದರೆ ಆ ಗುರುತು ನೀರಿನ ಎತ್ತರವನ್ನಷ್ಟೇ ಹೇಳುತ್ತದೆ. ಅಲ್ಲಿಂದೀಚೆಗೆ ಹೊಳೆಯ ಮರಳು ಹೋಗಿದೆ, ತುಂಬೆಯಲ್ಲಿ ಕಿಂಡಿ ಅಣೆಕಟ್ಟು ಬಂದಿದೆ; ಅದೇ ಎತ್ತರಕ್ಕೆ ಇಂದು ಹರಿಯುವ ನೀರು ಅಂದಿನಷ್ಟೇ ಎನ್ನಲಾಗದು. ಎರಡು ನೆರೆ ಹಿಡಿದು ನೂರು ವರ್ಷಕ್ಕೊಮ್ಮೆ ಎಂಬ ಸೂತ್ರ ಕಟ್ಟುವುದಂತೂ ಜ್ಯೋತಿಷ್ಯ. ಹಳೆಯ ನೆರೆಗಳು ಪದರಪದರವಾಗಿ ಬಿಟ್ಟುಹೋದ ಮೆಕ್ಕಲು ಬೇಕು. ಅಂಥ ಮೆಕ್ಕಲೇ ಆದ ದಂಡೆಯ ಆವೆಮಣ್ಣು, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಸುಟ್ಟು ಮಾಡು ಸೇರುತ್ತ ಬಂತು. ಉಳಿದಿರುವುದು ಬೈಲುಗದ್ದೆಗಳ ಅಡಿಯಲ್ಲಿ. ಆ ಗದ್ದೆಗಳಿಗೂ ಈಗ ಗುಡ್ಡದ ಕೆಂಪುಮಣ್ಣು ತುಂಬಿ ಸೈಟು ಮಾಡುತ್ತಿದ್ದಾರೆ. ಅಲ್ಲಿ ಕೊಳವೆ ಇಳಿಸಿದರೆ ಕೋಟಿ ವರ್ಷದ ಮಣ್ಣು ಮೇಲೆ, ಮೊನ್ನೆಯ ಮೆಕ್ಕಲು ಕೆಳಗೆ ಸಿಗುತ್ತದೆ. ಮಾದರಿ ತೆಗೆಯುವ ಮುಂಚೆ ನೆರೆಮನೆಯವರನ್ನು ಕೇಳಬೇಕು, ಮಣ್ಣು ಎಷ್ಟು ಲಾರಿ ಬಂತು ಅಂತ.